ಟಿಟಿ-02 ಎಡಕ್ಕೆ ಎಳೀತಿದೆ, ಫುಲ್ ಅಲ್ಯೂಮಿನಿಯಂ ಕಿಟ್ ಹಾಕಿದ್ರೆ ಸರಿಹೋಗುತ್ತಾ?

ನಿಮ್ಮ ಪ್ರಶ್ನೆ ಓದಿದೆ ಸರ್. ಮಗನ ಜೊತೆ ಕೂತು ಜೋಡಿಸಿದ ತಮಿಯಾ ಕಂಪನಿಯ ಟಿಟಿ-02 ರಿಮೋಟ್ ಕಾರು, 1/10 ಸ್ಕೇಲಿಂದು, ನೇರ ಬಿಟ್ರೆ ಎಡಕ್ಕೆ ಎಳೆಯುತ್ತೆ, ಸ್ಟೀರಿಂಗ್ ಲೂಸು, ಆನ್‌ಲೈನಲ್ಲಿ ನೀಲಿ ಬಣ್ಣದ ಫುಲ್ ಅಲ್ಯೂಮಿನಿಯಂ ಕಿಟ್ ನೋಡಿದೀರ, ಅದನ್ನ ತರಿಸಿ ಮನೇಲೇ ಫಿಟ್ ಮಾಡ್ಬಹುದಾ ಅಂತ ಕೇಳಿದೀರ. ಸದ್ಯಕ್ಕೆ ತರಿಸ್ಬೇಡಿ. ಫಿಟ್ ಮಾಡೋದು ಕಷ್ಟ ಅಂತಲ್ಲ, ಅದು ನಿಮ್ಮ ತೊಂದ್ರೆಗೆ ಔಷಧಿನೇ ಅಲ್ಲ.

ಯಾಕೆ ಅಂತ ಹೇಳ್ತೀನಿ, ನಾನೇ ಅನುಭವಿಸಿದ್ದು. ನನ್ನ ಹಳೇ ಕಾರೊಂದಕ್ಕೆ ಎಲ್ಲಿಂದಲೋ ಕಮ್ಮಿ ರೇಟಿಗೆ ಸಿಕ್ತು ಅಂತ ನಾಲ್ಕೂ ಲೋಯರ್ ಆರ್ಮ್, ಅಂದ್ರೆ ಚಕ್ರವನ್ನ ಚಾಸಿಗೆ (ಕಾರಿನ ತಳದ ಚೌಕಟ್ಟಿಗೆ) ಸೇರಿಸೋ ಕೆಳಗಿನ ತೋಳು, ಅಲ್ಯೂಮಿನಿಯಂದು ಹಾಕಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು. ಎರಡನೇ ವಾರ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕಂಬಕ್ಕೆ ಮುಂದಿನ ಚಕ್ರ ಹೊಡೀತು, ಆರ್ಮಿಗೆ ಒಂದು ಗೀರೂ ಬೀಳ್ಲಿಲ್ಲ, ಆದ್ರೆ ಆ ಆರ್ಮ್ ಕೂರೋ ಚಾಸಿ ಜಾಗ ಸೀಳಿಹೋಯ್ತು. ಪ್ಲಾಸ್ಟಿಕ್ ಆರ್ಮ್ ಆಗಿದ್ರೆ ಬಗ್ಗಿ ವಾಪಸ್ ಬರ್ತಿತ್ತು, ಇಲ್ಲಾಂದ್ರೆ ಅದು ಮುರೀತಿತ್ತು, ಹತ್ತು ನಿಮಿಷದಲ್ಲಿ ಬೇರೆ ಹಾಕ್ತಿದ್ದೆ. ಪೆಟ್ಟು ಎಲ್ಲೋ ಒಂದು ಕಡೆ ಇಳೀಲೇಬೇಕು, ಆರ್ಮ್ ತಗೊಳ್ಲಿಲ್ಲ ಅಂದ್ರೆ ಅದರ ಹಿಂದಿರೋದು ತಗೊಳ್ಳುತ್ತೆ. ಟಿಟಿ-02ರಲ್ಲಿ ಹಿಂದಿರೋದು ಅಂದ್ರೆ ಬೋಗುಣಿ ತರ ಇರೋ ಒಂದೇ ಪೀಸ್ ಚಾಸಿ, ಅದನ್ನ ಬದಲಾಯಿಸ್ಬೇಕು ಅಂದ್ರೆ ಇಡೀ ಕಾರು ಬಿಚ್ಚಿ ಮೊದಲಿಂದ ಜೋಡಿಸ್ಬೇಕು. ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಕೊಳ್ಳೋಕಾಗುತ್ತಾ.

ಈಗ ಎಡಕ್ಕೆ ಎಳೆಯೋ ವಿಷಯ, ಇದಕ್ಕೆ ದುಡ್ಡೇ ಬೇಡ. ಮೊದ್ಲು ಸರ್ವೋ (ಸ್ಟೀರಿಂಗ್ ತಿರುಗಿಸೋ ಪುಟ್ಟ ಮೋಟರ್) ಮೇಲೆ ಕೂರೋ ಹಾರ್ನ್ ಅನ್ನೋ ಕೈ ಬಿಚ್ಚಿ, ರಿಮೋಟ್ ಆನ್ ಮಾಡಿ, ಅದರಲ್ಲಿ ಸ್ಟೀರಿಂಗ್ ಎಡಬಲ ಸ್ವಲ್ಪ ಸರಿಸೋ ಟ್ರಿಮ್ ಸೊನ್ನೆಗೆ ತನ್ನಿ, ಆಮೇಲೆ ಕಾರಿನ ಸ್ವಿಚ್ ಹಾಕಿ, ಸರ್ವೋ ತಾನಾಗೇ ಸೆಂಟರಿಗೆ ಬಂದು ನಿಲ್ಲುತ್ತೆ. ಆಗ ಹಾರ್ನ್ ಹಾಕಿ. ತುಂಬಾ ಜನ ಸರ್ವೋಗೆ ಕರೆಂಟೇ ಕೊಡದೆ ಹಾರ್ನ್ ಕೂರಿಸ್ತಾರೆ, ಆಮೇಲೆ ಟ್ರಿಮ್ಮಲ್ಲಿ ಎಳೆದಾಡ್ತಾರೆ, ಆಗ ಒಂದು ಕಡೆ ಜಾಸ್ತಿ ತಿರುಗುತ್ತೆ ಇನ್ನೊಂದು ಕಡೆ ಕಮ್ಮಿ. ಆಮೇಲೆ ನಾಲ್ಕೂ ಚಕ್ರ ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ, ಯಾವುದಾದ್ರೂ ಒಂದು ಬಿಗಿ ಇದ್ರೆ ಆ ಚಕ್ರದ ನಟ್ ಜಾಸ್ತಿ ಟೈಟ್ ಆಗಿರುತ್ತೆ, ಅರ್ಧ ಸುತ್ತು ಸಡಿಲಿಸಿ.

ಅಷ್ಟಾದ್ಮೇಲೂ ಎಳೆದ್ರೆ ಚಾಸಿ ತಿರುಚಿಕೊಂಡಿದೆಯಾ ನೋಡಿ. ಟೀಪಾಯಿ ಗ್ಲಾಸ್ ಮೇಲೆ ಕಾರಿಡಿ, ಬ್ಯಾಟರಿ ಒಳಗೇ ಇರ್ಲಿ, ಮುಂಭಾಗದ ಸರಿಯಾದ ಮಧ್ಯಕ್ಕೆ ಒಂದು ಚಾಕು ತುದಿ ಕೊಟ್ಟು ನಿಧಾನಕ್ಕೆ ಎತ್ತಿ. ಎರಡೂ ಚಕ್ರ ಒಟ್ಟಿಗೆ ಗ್ಲಾಸ್ ಬಿಡ್ಬೇಕು. ಒಂದು ಮೊದ್ಲು ಎದ್ದು ಇನ್ನೊಂದು ಅಲ್ಲೇ ಅಂಟಿಕೊಂಡಿದ್ರೆ ಎಲ್ಲೋ ಸ್ಪ್ರಿಂಗ್ ಒತ್ತಡ ಹೆಚ್ಚುಕಮ್ಮಿ ಇದೆ ಅಥವಾ ಮೇಲಿನ ಭಾಗದ ಸ್ಕ್ರೂಗಳನ್ನ ಒಂದು ಕಡೆಯಿಂದ ಪೂರ್ತಿ ಬಿಗಿ ಮಾಡ್ಕೊಂಡು ಬಂದಿದೀರ ಅಂತ ಅರ್ಥ. ಆ ಸ್ಕ್ರೂಗಳನ್ನೆಲ್ಲಾ ಅರ್ಧರ್ಧ ಸುತ್ತು ಸಡಿಲ ಬಿಡಿ, ಕಾರನ್ನ ಗ್ಲಾಸ್ ಮೇಲೆ ಅಂಗೈಯಲ್ಲಿ ಒತ್ತಿ ಹಿಡ್ಕೊಂಡು ಎದುರುಬದುರು ಸ್ಕ್ರೂ ಬಿಗಿ ಮಾಡ್ತಾ ಬನ್ನಿ. ನಾನು ನೋಡಿರೋ ಎಳೆಯೋ ಕಾರುಗಳಲ್ಲಿ ಬಹಳಷ್ಟು ಇಷ್ಟಕ್ಕೇ ನೆಟ್ಟಗಾಗಿವೆ.

ದುಡ್ಡು ಹಾಕೋದಿದ್ರೆ ಮೊದಲ ದುಡ್ಡು ಬೇರಿಂಗಿಗೆ. ಸ್ಟ್ಯಾಂಡರ್ಡ್ ಕಿಟ್ಟಲ್ಲಿ ಬೇರಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಬುಷ್ (ಬರೀ ಉಂಗುರ) ಇರುತ್ತೆ, ನಿಮ್ಮದ್ರಲ್ಲಿ ಏನಿದೆ ಅಂತ ಒಂದು ಚಕ್ರ ಬಿಚ್ಚಿ ನೋಡಿ. ಟಿಟಿ-02ಗೆ 16 ಬೇರಿಂಗ್ ಬೇಕು, ಎಲ್ಲಾ ಒಂದೇ ಸೈಜು, ಒಳಗೆ 5 ಎಂಎಂ, ಹೊರಗೆ 11, ದಪ್ಪ 4. ಆರ್‌ಸಿಯವರು, ಅಂದ್ರೆ ರಿಮೋಟ್ ಕಾರಿನ ಹವ್ಯಾಸಿಗಳು, ಇದನ್ನ 1150 ಅಂತಾರೆ, ಆದ್ರೆ ಬೇರಿಂಗ್ ಅಂಗಡಿಯಲ್ಲಿ ಹಾಗಂದ್ರೆ ಗೊತ್ತಾಗಲ್ಲ, ಎಂಆರ್115 ಅಂತ ಕೇಳಿ, ಅದೇ ಇದು. ಧೂಳಲ್ಲಿ ಓಡಿಸೋದಾದ್ರೆ ರಬ್ಬರ್ ಸೀಲ್ ಇರೋದು ತಗೊಳ್ಳಿ. ಬುಷ್ ಸವೆದಂಗೆ ಆಕ್ಸಲ್ ಅಲ್ಲಾಡುತ್ತೆ, ನೀವು ಸ್ಟೀರಿಂಗ್ ಲೂಸು ಅಂತಿರೋದ್ರಲ್ಲಿ ಒಂದು ಪಾಲು ಅದೂ ಇರಬಹುದು.

ಉಳಿದ ಪಾಲು ಸ್ಟೀರಿಂಗ್ ಲಿಂಕೇಜು, ಅಂದ್ರೆ ಸರ್ವೋದಿಂದ ಚಕ್ರದವರೆಗಿನ ಕಡ್ಡಿ, ಕೀಲುಗಳು. ಮುಂದಿನ ಒಂದು ಚಕ್ರ ಹಿಡ್ಕೊಂಡು ಇನ್ನೊಂದು ಚಕ್ರವನ್ನ ಎಡಬಲ ಅಲ್ಲಾಡಿಸಿ, ಕಣ್ಣು ಚಕ್ರದ ಮೇಲಲ್ಲ, ಸರ್ವೋ ಸೇವರಿಂದ (ಪೆಟ್ಟಿನಿಂದ ಸರ್ವೋ ಕಾಯೋ ಸ್ಪ್ರಿಂಗ್ ಇರೋ ಹಾರ್ನ್) ಹಿಡಿದು ಒಂದೊಂದು ಕೀಲಿನ ಮೇಲೆ ಇಡಿ. ಎಲ್ಲಿ ಮೊದ್ಲು ಟಕಟಕ ಅನ್ನುತ್ತೋ ಅದನ್ನ ಮಾತ್ರ ಬದಲಾಯಿಸಿ. ಈ ಚಾಸಿಯಲ್ಲಿ ಸಾಮಾನ್ಯವಾಗಿ ಅದು ಮಧ್ಯದ ಸ್ಟೀರಿಂಗ್ ಆರ್ಮ್ ಜೋಡಿ ಕೂರೋ ಪ್ಲಾಸ್ಟಿಕ್ ತೂತು. ಅಲ್ಲಿ ಬೇರಿಂಗ್ ಇರೋ ಅಲ್ಯೂಮಿನಿಯಂ ಸ್ಟೀರಿಂಗ್ ಸೆಟ್ ಹಾಕಿದ್ರೆ ಕೊಟ್ಟ ದುಡ್ಡಿಗೆ ಬೆಲೆ ಇದೆ, ಯಾಕಂದ್ರೆ ಅದು ಕಾರಿನ ಹೊಟ್ಟೆಯೊಳಗಿದೆ, ಕಂಬ ಬಂದು ನೇರ ಹೊಡೆಯೋ ಜಾಗ ಅಲ್ಲ. ನನ್ನ ಲೆಕ್ಕ ಇಷ್ಟೇ, ತಿರುಗೋ ಕಡೆ, ಬಿಸಿ ಆಗೋ ಕಡೆ ಲೋಹ ಹಾಕಿ, ಪೆಟ್ಟು ಬೀಳೋ ಕಡೆ ಪ್ಲಾಸ್ಟಿಕ್ಕೇ ಇರ್ಲಿ. ಹಾಗಾಗಿ ಮುಂದಕ್ಕೂ ಹಿಂದಕ್ಕೂ ಶಕ್ತಿ ಒಯ್ಯೋ ಮಧ್ಯದ ಪ್ರೊಪೆಲ್ಲರ್ ಶಾಫ್ಟ್ ಲೋಹದ್ದು ಒಳ್ಳೇದು, ಮೋಟರ್ ಮೌಂಟ್ ಅಲ್ಯೂಮಿನಿಯಂದು ಒಳ್ಳೇದು, ಮೋಟರ್ ಬಿಸಿ ಎಳ್ಕೊಳ್ಳುತ್ತೆ. ಆರ್ಮ್, ಬಂಪರ್ ಮುಟ್ಟಬೇಡಿ.

ಮೌಂಟ್ ಬದಲಾಯಿಸಿದ್ರೆ ಒಂದು ಎಚ್ಚರ. ಕಿಟ್ಟಿನ ಮೌಂಟಲ್ಲಿ ಪಿನಿಯನ್ (ಮೋಟರ್ ಮೇಲಿನ ಚಿಕ್ಕ ಗೇರ್) ಹಲ್ಲಿಗೆ ತಕ್ಕಂತೆ ತೂತು ನಿಗದಿ ಆಗಿರುತ್ತೆ, 22 ಹಲ್ಲಿನ ಪಿನಿಯನ್ನು 70 ಹಲ್ಲಿನ ಸ್ಪರ್ (ಅದು ತಿರುಗಿಸೋ ದೊಡ್ಡ ಗೇರ್) ಜೊತೆ ತಾನಾಗೇ ಸರಿ ಕೂರುತ್ತೆ. ಹೊರಗಿನ ಮೌಂಟಲ್ಲಿ ಉದ್ದ ಸೀಳು ಇದ್ರೆ ಗ್ಯಾಪ್ ನೀವೇ ಇಡ್ಬೇಕು. ಒಂದು ತೆಳು ಪೇಪರ್ ಪಟ್ಟಿ ಎರಡು ಗೇರ್ ಮಧ್ಯೆ ಸೇರಿಸಿ, ಮೋಟರ್ ಒತ್ತಿ ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಪೇಪರ್ ಆಚೆ ತೆಗೀರಿ. ಪೇಪರ್ ಮೇಲೆ ಹಲ್ಲಿನ ಮಡಿಕೆ ಸಮನಾಗಿ ಬಿದ್ದಿರ್ಬೇಕು, ಹರಿದಿದ್ರೆ ಬಿಗಿ ಜಾಸ್ತಿ ಆಯ್ತು. ಸ್ಪರ್ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಎಲ್ಲೂ ಹಿಡೀಬಾರ್ದು.

ಫಿಟ್ ಮಾಡುವಾಗ ಹಾಳಾಗೋದು ಹೆಚ್ಚಾಗಿ ಸ್ಕ್ರೂಗಳಿಂದ, ಇದನ್ನ ದಯವಿಟ್ಟು ಮಗನಿಗೂ ತೋರಿಸಿ. ತಮಿಯಾ ಸ್ಕ್ರೂ ನೋಡೋಕೆ ಫಿಲಿಪ್ಸ್ ತರ ಇರುತ್ತೆ ಆದ್ರೆ ಅದು ಜಪಾನಿನ ಜೆಐಎಸ್ ತಲೆ, ಮನೆಯ ಸ್ಕ್ರೂಡ್ರೈವರ್ ಜಾರಿ ತಲೆ ಸವೆಯುತ್ತೆ, ಒಂದು ಜೆಐಎಸ್ ಡ್ರೈವರ್ ತಗೊಳ್ಳಿ. ಪ್ಲಾಸ್ಟಿಕ್ಕಿಗೆ ವಾಪಸ್ ಸ್ಕ್ರೂ ಹಾಕುವಾಗ ಮೊದ್ಲು ಉಲ್ಟಾ ತಿರುಗಿಸಿ, ಒಂದು ಕಡೆ ಟಕ್ ಅಂತ ಕೆಳಗೆ ಇಳಿಯೋದು ಬೆರಳಿಗೇ ಗೊತ್ತಾಗುತ್ತೆ, ಹಳೇ ಗೀರು ಸಿಕ್ತು ಅಂತ, ಅಲ್ಲಿಂದ ಮುಂದಕ್ಕೆ ಬಿಗಿ ಮಾಡಿ. ಹಾಗೆ ಮಾಡದೆ ಪ್ರತಿ ಸಲ ಹೊಸ ಗೀರು ಕೊರೆದ್ರೆ ನಾಲ್ಕೈದು ಸಲಕ್ಕೆ ತೂತು ಸವೆದು ಸ್ಕ್ರೂ ನಿಲ್ಲಲ್ಲ. ಅಲ್ಯೂಮಿನಿಯಂ ಪಾರ್ಟಿಗೆ ಪ್ಲಾಸ್ಟಿಕ್ಕಿನ ಟ್ಯಾಪಿಂಗ್ ಸ್ಕ್ರೂ ಹಾಕ್ಬೇಡಿ, ಅದಕ್ಕೆ 3 ಎಂಎಂ ಮೆಷಿನ್ ಸ್ಕ್ರೂನೇ ಬೇಕು. ಲೋಹಕ್ಕೆ ಲೋಹ ಸೇರೋ ಕಡೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯೋ ಅಂಟು) ಕಡ್ಡಿ ತುದಿಯಲ್ಲಿ ಒಂದು ಚೂರು ಸಾಕು, ಪ್ಲಾಸ್ಟಿಕ್ಕಿಗೆ ತಾಗಿಸ್ಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತೆ.

ಇದೆಲ್ಲಾ ಆದ್ಮೇಲೆ ಇನ್ನೂ ಆಸೆ ಇದ್ರೆ ಆಯಿಲ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಕಿ, ಕಿಟ್ಟಲ್ಲಿ ಬರೋ ಫ್ರಿಕ್ಷನ್ ಡ್ಯಾಂಪರಲ್ಲಿ ಆಯಿಲ್ಲೇ ಇರಲ್ಲ. ಆಯಿಲ್ ತುಂಬಿ ಪಿಸ್ಟನ್ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ, ಗುಳ್ಳೆ ಪೂರ್ತಿ ಮೇಲೆ ಬರೋ ತನಕ ನೆಟ್ಟಗೆ ನಿಲ್ಲಿಸಿಟ್ಟು ಆಮೇಲೆ ಮುಚ್ಚಳ ಹಾಕಿ. ಎಡಬಲ ಎರಡರ ಉದ್ದ ಸ್ಕೇಲಿಟ್ಟು ಅಳೀರಿ, ಅರ್ಧ ಎಂಎಂ ವ್ಯತ್ಯಾಸ ಇದ್ರೂ ಆ ಗ್ಲಾಸ್ ಮೇಲಿನ ಚಾಕು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ.

ಮೊದ್ಲು ಸರ್ವೋ ಸೆಂಟರ್ ಮಾಡಿ, ಗ್ಲಾಸ್ ಮೇಲಿಟ್ಟು ನೋಡಿ, ಯಾವ ಚಕ್ರ ಮೊದ್ಲು ಏಳ್ತು ಅಂತ ಇಲ್ಲೇ ಕೆಳಗೆ ಬರೀರಿ, ಅದರ ಮೇಲೆ ಯಾವ ಮೂಲೆ ಬಿಚ್ಚಬೇಕು ಅಂತ ಹೇಳ್ತೀನಿ.