ಒಲೆ ಮುಂದೆ: ಕಡುಬಿನ ಪಾತ್ರೆಯಲ್ಲಿ ಶೋಪಾವ್

ಪ್ರಶ್ನೆ: ನನ್ನ ಮಗ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಅಡುಗೆಯವರು ಫಿಲಿಪೀನ್ಸ್‌ನವರು. ಅವರು ಮಾಡುವ, ಹಂದಿ ಮಾಂಸ ತುಂಬಿದ ಹಬೆ ಬನ್ನಿನ ರುಚಿ ಇವನಿಗೆ ಹತ್ತಿಬಿಟ್ಟಿದೆ. ರಜೆಗೆ ಬಂದಾಗ ಮಾಡಿಕೊಡು ಅಂತಾನೆ. ಎರಡು ಸಲ ಮಾಡಿದೆ. ಮೊದಲ ಸಲ ಬಿಸಿ ಹಾಲಿಗೆ ಯೀಸ್ಟ್ ಹಾಕಿ ಕಲಸಿದೆ, ಹಿಟ್ಟು ಉಬ್ಬಲೇ ಇಲ್ಲ. ಎರಡನೇ ಸಲ ಜೊತೆಗೆ ಅಡುಗೆ ಸೋಡವನ್ನೂ ಹಾಕಿದೆ. ಬನ್ ಹಳದಿಯಾಯಿತು, ಮುಚ್ಚಳ ತೆಗೆದ ಕೂಡಲೇ ಸುಕ್ಕುಗಟ್ಟಿ ಕೂತುಬಿಟ್ಟಿತು. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಅದರ ಹೆಸರು ಶೋಪಾವ್. ಇದನ್ನು ನಾನು ಕಲಿತದ್ದು ದುಬೈನಲ್ಲಿ, ಪಕ್ಕದ ಮನೆಯ ಫಿಲಿಪಿನೋ ಹೆಂಗಸಿನಿಂದ. ಅವರ ಭಾಷೆಯಲ್ಲಿ ಅಕ್ಕನಿಗೆ ‘ಆತೆ’ ಅಂತಾರೆ. ನಾನು ‘ಆತೆ, ಆತೆ’ ಅಂತ ಕರೆಯುವುದು ಕೇಳಿ ನಮ್ಮ ಯಜಮಾನರು, ‘ಊರಲ್ಲಿ ಒಬ್ಬರು ಅತ್ತೆ ಇದ್ದದ್ದು ಸಾಲದಾ?’ ಅಂತ ನಗುತ್ತಿದ್ದರು. ತಿಂಡಿ ಮೂಲದಲ್ಲಿ ಚೀನೀಯರದ್ದು. ದಕ್ಷಿಣ ಚೀನಾ ಕಡೆಯ ಹೊಕ್ಕಿಯೆನ್ ಮಾತಿನಲ್ಲಿ ಹೆಸರಿನ ಅರ್ಥ ಹೆಚ್ಚುಕಡಿಮೆ ‘ಬಿಸಿ ಬನ್’. ಮನಿಲಾದಲ್ಲಿ ಇದನ್ನು ಮನೆಮಾತು ಮಾಡಿದವರಲ್ಲಿ ಮಾ ಮೋನ್ ಲುಕ್ ದೊಡ್ಡ ಹೆಸರು. 1918ರಲ್ಲಿ ಚೀನಾದಿಂದ ಬಂದವನು, ಅಲ್ಲಿ ಮೇಷ್ಟ್ರಾಗಿದ್ದವನು, ಮನಿಲಾದ ಬೀದಿಯಲ್ಲಿ ನೂಡಲ್ಸ್ ಹೊತ್ತು ಮಾರಿ ಮೇಲೆ ಬಂದ.

ಈಗ ನಿಮ್ಮ ಬನ್ನಿಗೆ ಬರೋಣ. ನಾವು ಮಲೆನಾಡಿನವರು ಹುಟ್ಟಿನಿಂದ ಕಡುಬು ಬೇಯಿಸಿದವರು. ಹಬೆ ಅಂದರೆ ನಮಗೆ ಗೊತ್ತಿಲ್ಲವಾ ಅನ್ನುವ ಧೈರ್ಯವೇ ಇಲ್ಲಿ ಕೈ ಕೊಡುತ್ತದೆ. ಅಕ್ಕಿ ಕಡುಬನ್ನು ಜೋರು ಉರಿಯಲ್ಲಿಟ್ಟು, ಬೆಂದ ತಕ್ಷಣ ಮುಚ್ಚಳ ತೆಗೆದರೂ ಅದಕ್ಕೇನೂ ಆಗಲ್ಲ. ಮೈದಾದ ಬನ್ ಹಾಗಲ್ಲ. ಒಳಗೆ ಬರೀ ಗಾಳಿ ತುಂಬಿರುತ್ತದೆ. ತಣ್ಣನೆ ಗಾಳಿ ಒಮ್ಮೆಲೇ ಬಡಿದರೆ ಕುಗ್ಗಿಬಿಡುತ್ತದೆ.

ಹಳದಿ ಬಣ್ಣ ಸೋಡದ್ದೇ ಕೆಲಸ. ಕ್ಷಾರ ಸಿಕ್ಕಿದರೆ ಮೈದಾ ಹಳದಿಯಾಗುತ್ತದೆ. ಬೇಕಿಂಗ್ ಪೌಡರ್ ಬೇರೆ, ಸೋಡ ಬೇರೆ. ಮೊದಲ ಸಲ ಉಬ್ಬದೇ ಇದ್ದದ್ದು ಹಾಲಿನ ಬಿಸಿಗೆ ಯೀಸ್ಟ್ ಸತ್ತುಹೋಗಿ. ಬೆರಳಿಟ್ಟರೆ ಹಿತವಾಗಿರಬೇಕು, ಅಷ್ಟೇ ಬಿಸಿ ಸಾಕು.

ಅರ್ಧ ಕೆಜಿ ಮೈದಾಕ್ಕೆ ಒಂದೂವರೆ ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಐದು ದೊಡ್ಡ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಕರಗಿಸಿದ ಹಂದಿ ನೆಣ. ನೆಣ ಇಲ್ಲದಿದ್ದರೆ ಎಣ್ಣೆ. ಉಗುರುಬೆಚ್ಚಗಿನ ನೀರು ಸುಮಾರು 270 ಮಿಲಿ, ಒಮ್ಮೆಲೇ ಸುರಿಯಬೇಡಿ. ಹಾಲಿಗಿಂತ ನೀರು ಹಾಕಿದರೆ ಬನ್ ಬೆಳ್ಳಗೆ ಬರುತ್ತದೆ. ಹತ್ತು ನಿಮಿಷ ಚೆನ್ನಾಗಿ ನಾದಿ. ಕಿವಿಯ ಹಾಲೆ ಮುಟ್ಟಿದ ಹಾಗಿರಬೇಕು.

ಆಷಾಢದ ಮಳೆಯಲ್ಲಿ ನಮ್ಮ ಮೂಡಿಗೆರೆಯಲ್ಲಿ ಹಿಟ್ಟು ಉಬ್ಬುವುದೇ ಒಂದು ಗೋಳು. ನಾನು ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ ಬಚ್ಚಲುಮನೆಯ ಹಂಡೆ ಪಕ್ಕ ಇಡುತ್ತೇನೆ. ಒಮ್ಮೆ ಹಂಡೆಯ ಕಟ್ಟೆ ಮೇಲೇ ಇಟ್ಟು ಮರೆತು, ತಳದ ಹಿಟ್ಟು ಅರ್ಧ ಬೆಂದು ಅಂಟಾಗಿತ್ತು. ಅದನ್ನು ನಾಯಿಯೂ ಮೂಸಲಿಲ್ಲ. ಹಾಗಾಗಿ ಪಕ್ಕದಲ್ಲಿ, ಮೇಲಲ್ಲ. ದುಪ್ಪಟ್ಟಾದರೆ ಸಾಕು. ಜಾಸ್ತಿ ಉಬ್ಬಿಸಿದರೂ ಆಮೇಲೆ ಸುಕ್ಕಾಗುತ್ತದೆ.

ಒಳಗಿನ ಹೂರಣಕ್ಕೆ ಅವರು ‘ಅಸಾಡೊ’ ಅನ್ನುತ್ತಾರೆ, ಸಿಹಿ-ಉಪ್ಪಿನ ಮಾಂಸ. ಅರ್ಧ ಕೆಜಿ ಭುಜದ ಮಾಂಸ, ಸ್ವಲ್ಪ ನೆಣ ಇರುವುದೇ ಒಳ್ಳೆಯದು. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಮಾಂಸ ಹಾಕಿ, ಮೂರು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ಸಕ್ಕರೆ, ಒಂದು ಚಕ್ರಮೊಗ್ಗು, ಮುಳುಗುವಷ್ಟು ನೀರು. ಬೇರೆ ಉಪ್ಪು ಬೇಡ. ಸಣ್ಣ ಉರಿಯಲ್ಲಿ ಒಂದು ಗಂಟೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ತನಕ. ಮೆಣಸಿನಪುಡಿ, ಗರಂ ಮಸಾಲೆ ಡಬ್ಬಿ ಕಡೆ ಕೈ ಹೋಗುತ್ತದೆ, ನನಗೂ ಹೋಗಿತ್ತು. ಆತೆ ನನ್ನ ಕೈ ಮೇಲೆ ಒಂದು ಏಟು ಕೊಟ್ಟರು! ಬಿಡಿಸಿದ ಮಾಂಸಕ್ಕೆ ಒಂದು ಲೋಟ ರಸ, ನೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿ. ಉಳಿದ ರಸವನ್ನು ಚೆಲ್ಲಬೇಡಿ. ಇನ್ನಷ್ಟು ಸಕ್ಕರೆ, ಕಾರ್ನ್‌ಫ್ಲೋರ್ ಸೇರಿಸಿ ಕುದಿಸಿದರೆ ಅದೇ ಅದ್ದಿಕೊಳ್ಳುವ ಸಾಸ್. ಹೂರಣ ಪೂರ್ತಿ ತಣ್ಣಗಾಗಲಿ. ಬಿಸಿ ಹೂರಣ ತುಂಬಿದರೆ ಹಿಟ್ಟು ಹರಿಯುತ್ತದೆ.

ಹಿಟ್ಟನ್ನು ಹನ್ನೆರಡು ಉಂಡೆ ಮಾಡಿ. ಲಟ್ಟಿಸುವಾಗ ಅಂಚು ತೆಳ್ಳಗೆ, ನಡು ದಪ್ಪ. ಒಂದೊಂದಕ್ಕೂ ಒಂದು ದೊಡ್ಡ ಚಮಚ ಹೂರಣ ಇಟ್ಟು, ಸೀರೆ ನೆರಿಗೆ ಹಿಡಿದ ಹಾಗೆ ಅಂಚು ಸೇರಿಸಿ ತಿರುಚಿ ಮುಚ್ಚಿ. ಫಿಲಿಪೀನ್ಸ್‌ನಲ್ಲಿ ಬನ್ನಿನ ತಳಕ್ಕೆ ಚೌಕದ ಕಾಗದ ಇಡುತ್ತಾರೆ. ನಾನು ಬಾಡಿಸಿದ ಬಾಳೆಎಲೆ ತುಂಡು ಇಡುತ್ತೇನೆ. ಇಪ್ಪತ್ತು ನಿಮಿಷ ಬಿಟ್ಟು, ಕಡುಬಿನ ಪಾತ್ರೆಯ ತೂತಿನ ತಟ್ಟೆಯಲ್ಲಿ ಎರಡೆರಡು ಬೆರಳು ಜಾಗ ಬಿಟ್ಟು ಜೋಡಿಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಬೆವರಿನ ಹನಿ ಬಿದ್ದು ಬನ್ ಮೇಲೆ ಗುಳಿ ಬೀಳುತ್ತದೆ. ಮಧ್ಯಮ ಉರಿ, ಹದಿನೈದರಿಂದ ಹದಿನೆಂಟು ನಿಮಿಷ. ಒಲೆ ಆರಿಸಿ, ಐದು ನಿಮಿಷ ಮುಟ್ಟಬೇಡಿ. ಆಮೇಲೆ ಮುಚ್ಚಳವನ್ನು ಒಂದು ಚಮಚ ಸಿಗಿಸುವಷ್ಟು ಮಾತ್ರ ಸರಿಸಿ, ಇನ್ನೆರಡು ನಿಮಿಷ ಕಾಯಿರಿ. ಮಗ ಅಡುಗೆಮನೆಗೆ ಬಂದು ‘ಆಯ್ತಾ ಅಮ್ಮಾ’ ಅಂತ ಮುಚ್ಚಳಕ್ಕೆ ಕೈ ಹಾಕದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮನೆಯಲ್ಲಿ ಹಂದಿ ಮಾಂಸ ತಿನ್ನುವುದಿಲ್ಲ. ಕೋಳಿ ಹಾಕಬಹುದಾ?
— ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ. ಫಿಲಿಪೀನ್ಸ್‌ನಲ್ಲೂ ಕೋಳಿಯದ್ದು ಸಿಗುತ್ತದೆ. ಎದೆ ಭಾಗ ಬೇಡ, ತೊಡೆಯ ಮಾಂಸ ತಗೊಳ್ಳಿ. ಅರ್ಧ ಗಂಟೆ ಬೇಯಿಸಿದರೆ ಸಾಕು. ಹಿಟ್ಟಿಗೆ ನೆಣದ ಬದಲು ಎಣ್ಣೆ.

ಪ್ರಶ್ನೆ: ಮೊದಲೇ ಮಾಡಿಟ್ಟುಕೊಳ್ಳಬಹುದಾ?
— ಓದುಗರೊಬ್ಬರು, ಆಲ್ದೂರು

ಉತ್ತರ: ಬೇಯಿಸಿ, ಆರಿಸಿ, ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಎರಡು ದಿನ. ಫ್ರೀಜರಿನಲ್ಲಿ ಒಂದು ತಿಂಗಳು. ತಿನ್ನುವಾಗ ಮತ್ತೆ ಹಬೆಯಲ್ಲೇ ಬಿಸಿ ಮಾಡಿ. ನಮ್ಮನೆಯಲ್ಲಿ ಈ ಪ್ರಶ್ನೆ ಬಂದೇ ಇಲ್ಲ, ಹನ್ನೆರಡು ಮಾಡಿದರೆ ರಾತ್ರಿಗೆ ಬಾಳೆಎಲೆ ಮಾತ್ರ ಉಳಿದಿರುತ್ತದೆ.