ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರ್‌ಗೆ ವರ್ಷಕ್ಕೊಂದು ಸರ್ವೀಸ್ ಸಾಕೇ?

ಚಿತ್ರದುರ್ಗದ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೇ ಇದೆ, ಈಚೆಗೆ ಅದರ ಉರಿ ಹಳದಿಯಾಗಿದೆ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿದರೆ ಸಾಕೇ, ನಾವೇ ಏನೇನು ನೋಡಿಕೊಳ್ಳಬಹುದು ಎಂದು ಕೇಳಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯಲ್ಲಿ ಒಂಬತ್ತು ವರ್ಷಗಳಿಂದ ಇಂಥದೇ ಗೀಸರ್ ಬಳಸುತ್ತಿರುವ, ಒಮ್ಮೆ ಪೆಟ್ಟು ತಿಂದು ಕಲಿತ ಗೃಹಸ್ಥ. ಸರ್ವೀಸಿನ ಮಾತು ಆಮೇಲಿರಲಿ; ಉರಿ ಮತ್ತೆ ನೀಲಿಯಾಗುವವರೆಗೆ ಅದನ್ನು ಹಚ್ಚಲೇಬೇಡಿ.

ಸಾಕಷ್ಟು ಗಾಳಿ ಸಿಕ್ಕಿದ ಗ್ಯಾಸು ನೀಲಿಯಾಗಿ ಉರಿಯುತ್ತದೆ. ಗಾಳಿ ಸಾಲದೆ ಅರೆಬರೆ ಉರಿದಾಗ ಜ್ವಾಲೆ ಹಳದಿಗೆ ತಿರುಗಿ, ಮಸಿ ಕಟ್ಟಿ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯ ಹೊಗೆಯಾದರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ; ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರಿನ ಗ್ಯಾಸಿಗೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆ ಸೋರಿಕೆಯನ್ನಷ್ಟೇ ತಿಳಿಸುತ್ತದೆ, ಉರಿದ ಮೇಲೆ ಹುಟ್ಟುವ ವಿಷವನ್ನಲ್ಲ. ಹೀಗಾಗಿ ‘ವಾಸನೆ ಏನೂ ಬರುತ್ತಿಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ನಮ್ಮ ಮನೆಯಲ್ಲೂ ಅಂಗಡಿಯವರು ಕಳಿಸಿದ ಹುಡುಗ ಗೀಸರನ್ನು ಒಳಗೇ ಕೂರಿಸಿ ಹೋಗಿದ್ದ. ಒಂದು ಡಿಸೆಂಬರಿನ ಬೆಳಿಗ್ಗೆ, ಇಬ್ಬರ ಸ್ನಾನ ಮುಗಿದ ಮೇಲೆ ಒಳಗೆ ಹೋಗಿದ್ದ ತಂಗಿಯ ಮಗ, ಮೈ ಒರೆಸಿಕೊಳ್ಳದೆಯೇ ಹೊರಬಂದು ಹೊಸ್ತಿಲ ಬಳಿ ಕುಸಿದು ಕುಳಿತು, “ಮಾವ, ತಲೆ ತಿರುಗ್ತಿದೆ” ಎಂದ. ಖಾಲಿ ಹೊಟ್ಟೆಯ ಪಿತ್ತವಿರಬೇಕೆಂದು ಸಕ್ಕರೆ ನೀರು ಕುಡಿಸಿದೆವು. ಪುಣ್ಯಕ್ಕೆ ಅಂಗಳದ ಗಾಳಿಗೆ ಚೇತರಿಸಿಕೊಂಡ. ಮರುದಿನ ನನ್ನ ಹೆಂಡತಿಗೂ ಹಾಗೆಯೇ ಆದಾಗ ತಲೆಯೆತ್ತಿ ನೋಡಿದೆ: ಚಳಿಗೆಂದು, ಸೊಳ್ಳೆಗೆಂದು ಗವಾಕ್ಷಿಗೆ ಅಕ್ಕಿ ಚೀಲವೊಂದನ್ನು ಮೊಳೆ ಹೊಡೆದು ಮುಚ್ಚಿದವನು ನಾನೇ. ಹಂಡೆ ಒಲೆಯ ಕಾಲದಲ್ಲಿ ಯಾರೂ ಹೀಗೆ ಮುಚ್ಚುತ್ತಿರಲಿಲ್ಲ, ಹೊಗೆ ಕಣ್ಣಿಗೆ ಉರಿ ಹತ್ತಿಸುತ್ತಿತ್ತಲ್ಲ. ನಿಮಗೆ ಇಂಥ ಲಕ್ಷಣ ಕಂಡರೆ ಸಕ್ಕರೆ ನೀರಿನ ಉಪಚಾರದಲ್ಲಿ ಹೊತ್ತು ಕಳೆಯದೆ, ಹೊರಗೆ ಕರೆತಂದು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಆದ್ದರಿಂದ ನೀವೇ ಮಾಡಬಹುದಾದ ತಪಾಸಣೆ ಗಾಳಿಯಿಂದ ಶುರುವಾಗಲಿ. ಗಾಳಿ ಹೊರಹೋಗಲು ಮೇಲೊಂದು, ಒಳಬರಲು ಕೆಳಗೊಂದು ದಾರಿ ಸದಾ ತೆರೆದಿರಬೇಕು. ನಿಮ್ಮೂರಿನಲ್ಲಿ ಇನ್ನೊಂದು ತೊಡಕಿದೆ: ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಪಶ್ಚಿಮದ ಕಿಟಕಿಗೆ ನೇರವಾಗಿ ಬಡಿದರೆ, ಹೊರಹೋಗಬೇಕಾದ ಅನಿಲ ಒಳಕ್ಕೇ ತಿರುಗಬಹುದು. ಕಿಟಕಿ ಇದೆ ಎಂದ ಮಾತ್ರಕ್ಕೆ ನೆಮ್ಮದಿಯಾಗಿರಬೇಡಿ.

ಮೆಕ್ಯಾನಿಕ್ ಬಂದಾಗ ಮುಂದಿನ ಹೊದಿಕೆಯನ್ನು ನಿಮ್ಮೆದುರೇ ಬಿಚ್ಚಿಸಿ. ಬರ್ನರಿನ ಮೇಲಿರುವ ತಾಮ್ರದ ಪೆಟ್ಟಿಗೆಯ ತೆಳು ಹಾಳೆಗಳ ನಡುವೆ ಮಸಿ ತುಂಬಿದ್ದರೆ ಸುಟ್ಟ ಅನಿಲ ಮೇಲೇರಲಾಗದೆ ಉರಿ ಇನ್ನಷ್ಟು ಕೆಡುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆಸಬೇಕು. ಬರ್ನರಿಗೆ ಗಾಳಿ ಸೇರುವ ತೂತುಗಳಲ್ಲಿ ಜೇಡರ ಬಲೆ, ದೂಳು ಕೂಡುವುದುಂಟು. ನಮ್ಮದಕ್ಕೆ ಕಾರಣ ಎರಡೂ ಆಗಿದ್ದವು. ಹಚ್ಚಿದಾಗ ತಡೆದು ‘ಢಬ್’ ಎಂದು ಹೊತ್ತಿಕೊಂಡರೆ ಮೊದಲು ಬ್ಯಾಟರಿ ಬದಲಿಸಿ: ಕಿಡಿ ಸೊರಗಿದಾಗ ಗ್ಯಾಸು ಒಂದಿಷ್ಟು ಶೇಖರವಾದ ಮೇಲೆ ಹೊತ್ತುತ್ತದೆ. ಬೋರ್ ನೀರಿನ ಮನೆಯಾದರೆ ಕೊಳವೆಯೊಳಗೆ ಬಿಳಿ ಉಪ್ಪು ಕಟ್ಟಿ ಧಾರೆ ಸಣ್ಣಗಾಗುತ್ತದೆ. ನೀರು ಒಳಬರುವ ಕಡೆಯ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದುಕೊಳ್ಳಿ, ಒಳಗಿನ ಉಪ್ಪನ್ನು ಮೆಕ್ಯಾನಿಕ್‌ಗೆ ಬಿಡಿ.

ಪೈಪು, ರೆಗ್ಯುಲೇಟರ್ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ; ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಚಾಳಿ ಬೇಡವೇ ಬೇಡ. ಗ್ಯಾಸ್ ಏಜೆನ್ಸಿಯ ಸುರಕ್ಷಾ ಪೈಪನ್ನು 5 ವರ್ಷಕ್ಕೆ ಬದಲಿಸಬೇಕು, ಅವಧಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಸೋರುತ್ತಿದ್ದರೆ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಮನೆಯಿಂದ ಹೊರಬಂದು 1906ಕ್ಕೆ ಕರೆ ಮಾಡಿ; ಅದು ದಿನದ 24 ಗಂಟೆಯೂ ಇರುವ ತುರ್ತು ಸಂಖ್ಯೆ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ: ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮೊದಲು, ಸರ್ವೀಸ್ ಮಾಡಿಸಲೇಬೇಕು, ಆದರೆ ಗೀಸರ್ ಒಳಗಿರುವವರೆಗೆ ಅದಷ್ಟೇ ಸಾಲದು. ನಾವು ಅದನ್ನು ಗೋಡೆಯಾಚೆ, ಹಿತ್ತಲಿನ ಸೂರಿನ ಕೆಳಗೆ ಕಟ್ಟಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದೆವು. ಅರ್ಧ ದಿನದ ಕೆಲಸ. ಬಾಡಿಗೆ ಮನೆಯಾದ್ದರಿಂದ ಮಾಲೀಕರೊಡನೆ ಮಾತಾಡಬೇಕಾಗುತ್ತದೆ, ಅವರು ಒಂದೆರಡು ತಿಂಗಳು ಎಳೆಯಲೂಬಹುದು. ಉರಿ ಸರಿಹೋದ ಮೇಲೂ ಅಲ್ಲಿಯತನಕ ಬಾಗಿಲು ಪೂರ್ತಿ ತೆರೆದಿಟ್ಟು ಎರಡು ಬಕೆಟ್ ಬಿಸಿನೀರು ಹಿಡಿದುಕೊಂಡು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ.