ಹನ್ನೊಂದನೇ ತರಗತಿಯಲ್ಲಿ ಸಂಗೀತ, ಚಿತ್ರಕಲೆ ಎರಡೂ ಇರಲಿ

ನಮಸ್ಕಾರ. ಸಿಬಿಎಸ್‌ಇ ಹನ್ನೊಂದನೇ ತರಗತಿಗೆ ಮಗಳು ಕರ್ನಾಟಕ ಸಂಗೀತ ಮತ್ತು ಚಿತ್ರಕಲೆ ಎರಡನ್ನೂ ಆಯ್ದುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ, ಇವು ಸುಲಭದ ವಿಷಯಗಳಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಎರಡರಲ್ಲೂ ಲಿಖಿತ ಪರೀಕ್ಷೆಗೆ 30 ಅಂಕ, ಪ್ರಾಯೋಗಿಕ ಪರೀಕ್ಷೆಗೆ 70. ಕೊನೆಯ ತಿಂಗಳು ಕೂತು ಬಾಯಿಪಾಠ ಮಾಡಿ ಪಾರಾಗುವ ದಾರಿಯೇ ಇಲ್ಲ. ರಾಗದ ಲಕ್ಷಣ ಬರೆದರೆ ಸಾಲದು, ಪರೀಕ್ಷಕರ ಎದುರು ತಾಳ ಹಾಕಿ ಹಾಡಬೇಕು. ಚಿತ್ರಕಲೆಯಲ್ಲಿ ಎದುರಿಗಿಟ್ಟ ವಸ್ತುಗಳ ಚಿತ್ರ, ಸ್ವಂತ ಸಂಯೋಜನೆಗಳ ಜೊತೆಗೆ ವರ್ಷವಿಡೀ ಮಾಡಿದ ಕೆಲಸಕ್ಕೂ ಅಂಕಗಳಿವೆ.

ನನಗೆ ಬಹಳ ಪ್ರಿಯವಾದದ್ದು ಹನ್ನೆರಡನೇ ತರಗತಿಯ ಕಲಾ ಇತಿಹಾಸ. ರಾಜಸ್ಥಾನಿ, ಪಹಾಡಿ, ಮೊಘಲ್, ದಖನಿ ಚಿಕಣಿ ಚಿತ್ರಗಳ (ಸಣ್ಣ ಗಾತ್ರದ, ಸೂಕ್ಷ್ಮ ಕುಸುರಿಯ ಚಿತ್ರಗಳು) ಶೈಲಿಗಳು ಅಲ್ಲಿ ಬರುತ್ತವೆ. ರಾಗ ರಾಗಿಣಿಯರನ್ನು ಬಣ್ಣದಲ್ಲಿ ಮೂಡಿಸಿದ ರಾಗಮಾಲಾ ಚಿತ್ರಗಳನ್ನು ಹಾಡುವ ಹುಡುಗಿ ನೋಡುವ ಬಗೆಯೇ ಬೇರೆ! ದಖನಿ ಶೈಲಿಯ ದೊಡ್ಡ ಕೇಂದ್ರಗಳಲ್ಲಿ ನಮ್ಮ ವಿಜಯಪುರವೂ ಒಂದು. ಅಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ಚಿತ್ರ, ಸಂಗೀತ ಎರಡರ ಮೇಲೂ ಅಪಾರ ಒಲವಿತ್ತು.

ಶಾಲೆಯಲ್ಲಿ ಎರಡಕ್ಕೂ ಶಿಕ್ಷಕರಿದ್ದಾರೆಯೇ, ವೇಳಾಪಟ್ಟಿ ಹೊಂದುತ್ತದೆಯೇ ಎಂದು ಪ್ರವೇಶಕ್ಕೆ ಮೊದಲೇ ವಿಚಾರಿಸಿ. ಮುಂದೆ ವಾಸ್ತುಶಿಲ್ಪ ಪದವಿಯ ಯೋಚನೆಯಿದ್ದರೆ ಗಣಿತ ಬಿಡಬೇಡಿ. ದೃಶ್ಯಕಲೆಯ ಪದವಿಯೇ ಗುರಿಯಾದರೆ ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಸಂಗೀತಕ್ಕೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವಿದೆ. ಈಗಿನಿಂದಲೇ ಅವಳ ಒಳ್ಳೆಯ ಚಿತ್ರಗಳನ್ನು ದಿನಾಂಕ ಬರೆದು ಜೋಪಾನವಾಗಿ ತೆಗೆದಿಡಿ.